ಕೈಗೆ ಸಿಗುತ್ತಿದ್ದ ಪ್ರಿನ್ಸಿಪಾಲರು

(ಶಾಲಾ ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಮೆಟ್ರೋದಲ್ಲಿ ಹಸಿರು ಮಾರ್ಗ ಹಿಡಿದು ಹೋದರೆ ‘ನ್ಯಾಷನಲ್ ಕಾಲೇಜು’ ಅಂತ ಒಂದು ನಿಲ್ದಾಣ ಬರುತ್ತದೆ. ದಿನಾ ಸಾವಿರಾರು ಜನ ಅಲ್ಲಿ ಹತ್ತಿ ಇಳಿಯುತ್ತಾರೆ. ಆ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಒಬ್ಬರು ವಾಸವಿದ್ದರು. ಮೊದಲು ಮೇಷ್ಟ್ರಾಗಿ, ಆಮೇಲೆ ಪ್ರಿನ್ಸಿಪಾಲರಾಗಿ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿ, ಕೊನೆಗೆ ಆ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾಗಿ. ಹುದ್ದೆ ಬದಲಾಯಿತು, ವಿಳಾಸ ಬದಲಾಗಲಿಲ್ಲ. ಡಾ. ಎಚ್. ನರಸಿಂಹಯ್ಯ. ಜನರ ಬಾಯಲ್ಲಿ ಎಚ್ಚೆನ್.

ಇವತ್ತು ಅವರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಅವರ ವಿದ್ಯಾರ್ಥಿಯಲ್ಲ. ಅವರ ಜೊತೆ ಕೆಲಸ ಮಾಡಿದವನೂ ಅಲ್ಲ. ನಿಮ್ಮ ಹಾಗೆ ಶಾಲೆಯಲ್ಲಿ ಪಾಠ ಮಾಡಿ, ಶಾಲೆ ನಡೆಸಿ ಬಂದವನು. ಹಾಗಾಗಿ ಅವರನ್ನು ಆ ಕಡೆಯಿಂದಲೇ ನೋಡಿದ್ದೇನೆ. ಎಚ್ಚೆನ್ ಅಂದ ಕೂಡಲೇ ಜನಕ್ಕೆ ಪವಾಡ ಪರೀಕ್ಷಾ ಸಮಿತಿ ನೆನಪಾಗುತ್ತದೆ, ಖಾದಿ ಜುಬ್ಬಾ, ಪಂಚೆ, ಗಾಂಧಿ ಟೋಪಿ ನೆನಪಾಗುತ್ತದೆ. ಅದೆಲ್ಲ ಸರಿ. ಆದರೆ ಅವರೊಳಗಿದ್ದ ಪ್ರಿನ್ಸಿಪಾಲರ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ನನಗನ್ನಿಸುವುದು ಇಷ್ಟು: ಉಳಿದದ್ದೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಮಕ್ಕಳ ಪಕ್ಕದಲ್ಲೇ ಇದ್ದು, ಯಾವಾಗ ಬೇಕಾದರೂ ಕೈಗೆ ಸಿಗುತ್ತಿದ್ದ ಮನುಷ್ಯ ಅವರು. ಪ್ರಿನ್ಸಿಪಾಲ್ ಆಗುವುದು ಅಂದರೆ ಮೊದಲು ಕೈಗೆ ಸಿಗುವುದು ಅಂತ ನಾನು ನಂಬಿದ್ದೇನೆ. ಆ ನಂಬಿಕೆ ಬರಲು ದೊಡ್ಡ ಕಾರಣ ಅವರ ಬದುಕು.

ಅವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಹೊಸೂರು ಅಂದರೆ ತಮಿಳುನಾಡಿನ ಗಡಿಯಲ್ಲಿರುವ ಆ ಫ್ಯಾಕ್ಟರಿ ಊರಲ್ಲ, ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಇದು ಆಗ ಕೋಲಾರ ಜಿಲ್ಲೆಗೆ ಸೇರಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಹಳ್ಳಿ. ಮನೆಯಲ್ಲಿ ಬಡತನ. ಊರಿನಲ್ಲಿ ಹೈಸ್ಕೂಲ್ ಇಲ್ಲ. ಎಂಟನೇ ಕ್ಲಾಸಿನ ತನಕ ಓದಿದ ಮೇಲೆ ಆ ಕಾಲದಲ್ಲಿ ಹಳ್ಳಿ ಹುಡುಗನ ಓದು ಮುಗಿಯಿತು ಅಂತಲೇ ಲೆಕ್ಕ. ಮುಗಿದೂ ಹೋಗಬೇಕಿತ್ತು.

ಮುಗಿಯದಂತೆ ನೋಡಿಕೊಂಡವರು ಒಬ್ಬ ಮೇಷ್ಟ್ರು. ಹೆಸರು ಎಂ.ಎಸ್. ನಾರಾಯಣ ರಾವ್. ಹುಡುಗ ಚೆನ್ನಾಗಿ ಓದುತ್ತಾನೆ ಅಂತ ಅವರಿಗೆ ಗೊತ್ತಿತ್ತು. ಬೆಂಗಳೂರಿನ ಬಸವನಗುಡಿಯಲ್ಲಿರುವ ನ್ಯಾಷನಲ್ ಹೈಸ್ಕೂಲಿಗೆ ಸೇರು ಅಂತ ದಾರಿ ತೋರಿಸಿದರು. ಈ ಮೇಷ್ಟ್ರ ಹೆಸರನ್ನು ಇವತ್ತು ನೀವು ಬರೆದುಕೊಳ್ಳಬೇಕು ಅಂತ ನನ್ನ ಆಸೆ. ಯಾಕಂದರೆ ಎಚ್ಚೆನ್ ಅವರ ಹೆಸರಲ್ಲಿ ಸಭಾಂಗಣಗಳಿವೆ, ಸಮಾರಂಭಗಳಾಗುತ್ತವೆ. ನಾರಾಯಣ ರಾವ್ ಅವರು ಆ ಹುಡುಗನನ್ನು ಮರೆತಿದ್ದರೆ ಇವತ್ತು ಈ ಭಾಷಣವೂ ಇಲ್ಲ. ಶಾಲೆ ಬಿಟ್ಟು ಹೋಗುವ ಹುಡುಗನನ್ನು ಮರೆಯುವುದು ಎಷ್ಟು ಸುಲಭ ಅಂತ ನಮಗೆಲ್ಲ ಗೊತ್ತಿದೆ ಅಲ್ವಾ? ಹಾಜರಿ ಪುಸ್ತಕದಲ್ಲಿ ಮುಂದಿನ ವರ್ಷ ಆ ಹೆಸರೇ ಇರುವುದಿಲ್ಲ.

1935ರಲ್ಲಿ ಹುಡುಗ ಹೊರಟ. ರೈಲಿತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. ನಡೆದುಕೊಂಡು ಹೊರಟ. ಎಂಬತ್ತು ಕಿಲೋಮೀಟರಿಗೂ ಜಾಸ್ತಿ ದೂರ, ಎರಡು ದಿನದ ನಡಿಗೆ. ಈಗ ಗೌರಿಬಿದನೂರಿನಲ್ಲಿ ಬಸ್ ಹತ್ತಿದರೆ ದೊಡ್ಡಬಳ್ಳಾಪುರ, ಯಲಹಂಕ ದಾಟಿಕೊಂಡು ಒಂದು ಹೊತ್ತಿನೊಳಗೆ ಮೆಜೆಸ್ಟಿಕ್ಕಿಗೆ ಬಂದುಬಿಡುತ್ತೀರಿ, ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಒಂದು ನಿದ್ದೆಯೂ ಆಗುತ್ತದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ನಿದ್ದೆ ಮಾಡಬೇಡಿ. ಹೊರಗೆ ನೋಡುತ್ತಾ ಹೋಗಿ. ಹದಿನೈದು ವರ್ಷದ ಒಬ್ಬ ಹುಡುಗ ಹೈಸ್ಕೂಲಿಗೆ ಸೇರುವುದಕ್ಕೆ ಅಂತ ಆ ದೂರವನ್ನೆಲ್ಲ ಕಾಲಲ್ಲಿ ಅಳೆದ ಅನ್ನುವುದನ್ನು ಮನಸ್ಸಿಗೆ ತಂದುಕೊಳ್ಳಿ. ನಾನು ಈ ಸಂಗತಿಯನ್ನು ಮಕ್ಕಳಿಗೆ ಹೇಳುವಾಗ ಸುಮ್ನೆ ‘ಕಷ್ಟಪಟ್ಟು ಓದಿದರು’ ಅಂತ ಹೇಳುವುದಿಲ್ಲ. ಕಷ್ಟ ಅನ್ನುವುದು ಅವರಿಗೆ ಸವೆದ ಮಾತು. ನಿಮ್ಮೂರಿನಿಂದ ಎಂಬತ್ತು ಕಿಲೋಮೀಟರ್ ದೂರ ಯಾವ ಊರಿದೆ, ಯೋಚನೆ ಮಾಡಿ ಅಂತ ಕೇಳುತ್ತೇನೆ. ಆಗ ತರಗತಿಯಲ್ಲಿ ಗದ್ದಲ ಶುರುವಾಗುತ್ತದೆ. ಆ ಊರಿಗೆ ನಡೆಯೋದಾ, ಆಗಲ್ಲ ಸಾರ್ ಅಂತಾರೆ. ಅಲ್ಲಿಂದ ಮುಂದೆ ಪಾಠ ತಾನೇ ನಡೆಯುತ್ತದೆ.

ಅವರು ಸೇರಿದ ಶಾಲೆಯೂ ಸಾಮಾನ್ಯದ್ದಲ್ಲ. ಸ್ವಾತಂತ್ರ್ಯ ಚಳವಳಿಯ ಬಿಸಿಯಲ್ಲಿ, 1917ರಲ್ಲಿ, ಆನಿ ಬೆಸೆಂಟ್ ಅವರ ಪ್ರೇರಣೆಯಿಂದ ಹುಟ್ಟಿದ ಶಾಲೆ. ರಾಷ್ಟ್ರೀಯ ಶಿಕ್ಷಣ ಅನ್ನುವ ಕನಸು ಇಟ್ಟುಕೊಂಡು ಕಟ್ಟಿದ್ದು. ಹೊಸೂರಿನ ಹುಡುಗ ಬಡ ವಿದ್ಯಾರ್ಥಿಗಳ ವಸತಿಯಲ್ಲಿ ಉಳಿದು ಅಲ್ಲಿ ಓದಿದ.

ಮುಂದಿನ ವರ್ಷ, 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದರು. ಅವರು ಹಿಂದಿಯಲ್ಲಿ ಮಾತಾಡಿದರು. ಅದನ್ನು ಕನ್ನಡಕ್ಕೆ ಮಾಡಿ ಹೇಳಲು ಶಾಲೆಯವರು ಆರಿಸಿದ್ದು ಯಾರನ್ನು ಗೊತ್ತಾ? ಈ ನರಸಿಂಹಯ್ಯನನ್ನೇ.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ಮುಖ್ಯ ಶಿಕ್ಷಕರು. ನಿಮ್ಮ ಶಾಲೆಗೆ ಜಿಲ್ಲಾಧಿಕಾರಿ ಬರುತ್ತಾರೆ ಅಂದರೆ ಏನೇನಾಗುತ್ತದೆ ಅಂತ ನಿಮಗೆ ಗೊತ್ತು. ಸ್ವಾಗತ ಯಾರು ಮಾಡಬೇಕು, ಹಾರ ಯಾರು ಹಾಕಬೇಕು, ಮೈಕು ಯಾರ ಕೈಗೆ ಕೊಡಬೇಕು. ತಪ್ಪಾದರೆ ಗತಿ ಏನು ಅಂತ ಹೆದರಿ ಕೊನೆಗೆ ಯಾರಾದರೂ ದೊಡ್ಡವರೇ ಮೈಕು ಹಿಡಿಯುತ್ತಾರೆ. ಇಲ್ಲಿ ಬಂದವರು ಗಾಂಧೀಜಿ. ಹುಡುಗ ಬೆಂಗಳೂರಿಗೆ ಬಂದು ಇನ್ನೂ ಹೆಚ್ಚು ದಿನ ಆಗಿಲ್ಲ. ಗೌರಿಬಿದನೂರು ಕಡೆ ಕನ್ನಡದ ಜೊತೆ ತೆಲುಗೂ ಧಾರಾಳವಾಗಿ ಓಡಾಡುವ ಸೀಮೆ. ಅಂಥ ಕಡೆಯಿಂದ ಬಂದ, ಹಿಂದೆ ಮುಂದೆ ಯಾರೂ ಇಲ್ಲದ ಬಡ ಹುಡುಗನನ್ನು ಗಾಂಧೀಜಿ ಪಕ್ಕ ನಿಲ್ಲಿಸಿ, ನೀನು ಹೇಳು ಅಂದರಲ್ಲ, ಆ ಶಾಲೆಯ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಗಾಂಧೀಜಿಯ ಪ್ರಭಾವ ಎಚ್ಚೆನ್ ಮೇಲೆ ಕೊನೆಯವರೆಗೆ ಇತ್ತು ಅಂತ ಎಲ್ಲರೂ ಬರೆಯುತ್ತಾರೆ. ನಾನು ಇನ್ನೊಂದು ಸೇರಿಸುತ್ತೇನೆ. ಆ ದಿನ ಅವರಿಗೆ ಶಾಲೆಯ ಪ್ರಭಾವವೂ ಆಯಿತು. ನಮ್ಮನ್ನು ನಂಬುವ ಶಾಲೆ ಹೇಗಿರುತ್ತದೆ ಅನ್ನುವುದನ್ನು ಅವರು ಅನುಭವಿಸಿ ತಿಳಿದುಕೊಂಡರು. ಮುಂದೆ ಅವರು ನಡೆಸಿದ್ದೂ ಅಂಥದ್ದೇ ಶಾಲೆ, ಅಂಥದ್ದೇ ಕಾಲೇಜು.

ಆಮೇಲಿನದ್ದು ಬೇಗ ಹೇಳುತ್ತೇನೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂದಾಗ ಓದು ಬಿಟ್ಟು ಹೊರಬಿದ್ದು ಜೈಲಿಗೆ ಹೋದರು. ಬಿಡುಗಡೆಯಾಗಿ ಬಂದು ಓದು ಮುಗಿಸಿದರು. ಬಸವನಗುಡಿಯ ನ್ಯಾಷನಲ್ ಕಾಲೇಜು ಶುರುವಾಗಿದ್ದು 1945ರಲ್ಲಿ. ಮಾರನೇ ವರ್ಷ, 1946ರಲ್ಲಿ, ಅಲ್ಲಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಮದುವೆ ಆಗಲಿಲ್ಲ. ಕಾಲೇಜು ಹಾಸ್ಟೆಲ್ಲಿನಲ್ಲಿ ಒಂದು ಕೋಣೆ ಹಿಡಿದರು.

ಆ ಕೋಣೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಅಮೆರಿಕ. ಐವತ್ತರ ದಶಕದ ಕೊನೆಯಲ್ಲಿ ಅವರು ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲ ಎಂಥದ್ದು ಅಂತ ನೋಡಿ. 1957ರ ಅಕ್ಟೋಬರಿನಲ್ಲಿ ರಷ್ಯಾದವರು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿದರು. ಅಮೆರಿಕ ಬೆಚ್ಚಿಬಿತ್ತು. ಮಾರನೇ ವರ್ಷವೇ ವಿಜ್ಞಾನ ಶಿಕ್ಷಣಕ್ಕೆ ಅಂತ ಕಾನೂನು ತಂದು ಹಣದ ಹೊಳೆ ಹರಿಸಿದರು. ಭೌತಶಾಸ್ತ್ರ ಗೊತ್ತಿದ್ದವರಿಗೆ ಅಲ್ಲಿ ಕೆಂಪು ಹಾಸು. ಅಂಥ ಹೊತ್ತಿನಲ್ಲಿ, ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಕೈಯಲ್ಲಿ ಹಿಡಿದುಕೊಂಡು, ಇವರು ಬಸವನಗುಡಿಗೆ ವಾಪಸ್ ಬಂದರು. 1961ರಲ್ಲಿ ಪ್ರಿನ್ಸಿಪಾಲರಾದರು. ಮತ್ತೆ ಅದೇ ಹಾಸ್ಟೆಲ್.

ಪ್ರಿನ್ಸಿಪಾಲರು ಹಾಸ್ಟೆಲ್ಲಿನಲ್ಲಿ ಇರುವುದರಿಂದ ಏನಾಗುತ್ತದೆ? ಹಾಸ್ಟೆಲ್ ಅಂದರೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ನೀರಿಗೆ ಸಾಲು. ರಾತ್ರಿ ಯಾರಿಗೋ ಜ್ವರ. ಮನೆಯಿಂದ ಮನಿಯಾರ್ಡರ್ ಬಂದಿಲ್ಲ ಅಂತ ಒಬ್ಬ ಮಂಕಾಗಿ ಕೂತಿರುತ್ತಾನೆ. ಪರೀಕ್ಷೆ ಹತ್ತಿರ ಬಂದ ಹಾಗೆ ಒಬ್ಬ ಊಟ ಬಿಡುತ್ತಾನೆ. ಇದ್ಯಾವುದೂ ಆಫೀಸಿಗೆ ಅರ್ಜಿಯಾಗಿ ಬರುವುದಿಲ್ಲ. ಹುಡುಗರ ಬದುಕಿನ ಬಹುಪಾಲು ನಡೆಯುವುದು ನಮ್ಮ ಟೈಮ್‌ಟೇಬಲಿನ ಹೊರಗೆ. ಅದು ಕಾಣಬೇಕು ಅಂದರೆ ಅಲ್ಲೇ ಇರಬೇಕು. ಒಂದು ಸಲ ಬಂದು ನೋಡಿ ಹೋದರೆ ಕಾಣುವುದಿಲ್ಲ, ಯಾಕಂದರೆ ನೀವು ಬರುತ್ತೀರಿ ಅಂತ ಗೊತ್ತಾದ ಕೂಡಲೇ ಎಲ್ಲವೂ ಸರಿಯಾಗಿಬಿಡುತ್ತದೆ.

ನನ್ನ ಶಾಲೆಯಲ್ಲಿ ನಡೆದ ಒಂದು ಸಣ್ಣ ವಿಷಯ ಹೇಳುತ್ತೇನೆ. ಒಬ್ಬ ಹುಡುಗ ಪ್ರತಿ ಗುರುವಾರ ಚಕ್ಕರ್ ಹೊಡೆಯುತ್ತಿದ್ದ. ಆಫೀಸಿಗೆ ಕರೆದು ಕೇಳಿದರೆ ‘ಹುಷಾರಿರಲಿಲ್ಲ ಸಾರ್’ ಅನ್ನುವ ಒಂದೇ ಉತ್ತರ, ಕಣ್ಣು ನೆಲದ ಮೇಲೆ. ಒಂದು ದಿನ ನಲ್ಲಿ ಹತ್ತಿರ ತಟ್ಟೆ ತೊಳೆಯುತ್ತಿದ್ದ. ನಾನೂ ಅಲ್ಲೇ ಕೈ ತೊಳೆಯುತ್ತಿದ್ದೆ. ಏನೂ ಕೇಳಲಿಲ್ಲ. ಅವನೇ ಹೇಳಿದ, ಗುರುವಾರ ಸಂತೆ ಸಾರ್, ಅಮ್ಮನ ಜೊತೆ ಸೊಪ್ಪಿನ ಕಟ್ಟು ಹೊರೋದಕ್ಕೆ ಯಾರೂ ಇಲ್ಲ ಅಂತ. ಆಫೀಸಿನ ಮೇಜಿನ ಮುಂದೆ ಬಾಯಿ ಬಿಡದ ಹುಡುಗ ನಲ್ಲಿಯ ಹತ್ತಿರ ತಾನಾಗಿ ಬಾಯಿಬಿಟ್ಟ. ಆಮೇಲೆ ಅವನ ತಾಯಿಯ ಹತ್ತಿರ ಮಾತಾಡಿ, ಬೆಳಿಗ್ಗೆ ಬೇಗ ಕಟ್ಟು ಇಳಿಸಿ ಶಾಲೆಗೆ ಬರುವ ಹಾಗೆ ಮಾಡಿಕೊಂಡೆವು. ದೊಡ್ಡ ವಿಷಯ ಏನಲ್ಲ. ಆದರೆ ದಿನಾ ರಾತ್ರಿ ಬೆಳಿಗ್ಗೆ, ದಶಕಗಳ ಕಾಲ, ಅಂಥ ನಲ್ಲಿಗಳ ಪಕ್ಕದಲ್ಲೇ ಇದ್ದ ಪ್ರಿನ್ಸಿಪಾಲರಿಗೆ ಎಷ್ಟು ಹುಡುಗರ ಎಷ್ಟು ಗುರುವಾರಗಳು ಗೊತ್ತಾಗಿರಬೇಕು ಅಂತ ಲೆಕ್ಕ ಹಾಕಿ.

ಅವರು ವೈಸ್ ಚಾನ್ಸಲರ್ ಆಗಿದ್ದಾಗಲೂ ಹಾಸ್ಟೆಲ್ ಕೋಣೆ ಬಿಡಲಿಲ್ಲ ಅನ್ನುವುದನ್ನು ಸರಳತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಸರಳತೆ ಹೌದು. ಆದರೆ ಬರೀ ಸರಳತೆ ಅಂದುಬಿಟ್ಟರೆ ಅವರನ್ನು ಸನ್ಯಾಸಿ ಮಾಡಿ ದೂರ ಕೂರಿಸಿದ ಹಾಗಾಗುತ್ತದೆ. ನನಗೆ ಅದರಲ್ಲಿ ಕಾಣುವುದು ಕೆಲಸದ ರೀತಿ. ಒಬ್ಬ ಭೌತಶಾಸ್ತ್ರಜ್ಞ ತನ್ನ ಪ್ರಯೋಗದ ಪಕ್ಕದಲ್ಲೇ ಇರುತ್ತಾನೆ. ಇವರು ಇದ್ದದ್ದೂ ಹಾಗೇ.

ಪ್ರಿನ್ಸಿಪಾಲರಾದ ಮಾರನೇ ವರ್ಷ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ವಿಜ್ಞಾನ ಉಪನ್ಯಾಸ, ಬುಧವಾರ ಸಂಜೆ, ಯಾರು ಬೇಕಾದರೂ ಬಂದು ಕೇಳಬಹುದು. ಇದು ಕೇಳುವುದಕ್ಕೆ ಸಣ್ಣದಾಗಿ ಕಾಣುತ್ತದೆ. ಉದ್ಘಾಟನೆ ಮಾಡುವುದು ಯಾರಿಗೂ ಬರುತ್ತದೆ. ನಮ್ಮ ಶಾಲೆಗಳಲ್ಲಿ ಎಷ್ಟು ಸಂಘಗಳ ಉದ್ಘಾಟನೆ ಆಗಿಲ್ಲ? ಇಕೋ ಕ್ಲಬ್, ವಿಜ್ಞಾನ ಸಂಘ, ಸಾಹಿತ್ಯ ಸಂಘ, ಬೋರ್ಡು ಇನ್ನೂ ಗೋಡೆ ಮೇಲಿರುತ್ತದೆ. ಪ್ರತಿ ವಾರ ನಡೆಸುವುದಿದೆಯಲ್ಲ, ಅದು ಬೇರೆ ಕೆಲಸ. ಉಪನ್ಯಾಸಕರನ್ನು ಹುಡುಕಬೇಕು, ಒಪ್ಪಿಸಬೇಕು, ಮಳೆ ಬಂದ ದಿನವೂ ಬಾಗಿಲು ತೆಗೆಯಬೇಕು, ಹತ್ತೇ ಜನ ಬಂದರೂ ಬೇಸರ ಮಾಡಿಕೊಳ್ಳದೆ ಮುಂದಿನ ವಾರದ ಚೀಟಿ ಹಚ್ಚಬೇಕು. ಬೆಂಗಳೂರಿನಲ್ಲಿ ವಿಜ್ಞಾನಿಗಳಿಗೆ ಬರವಿಲ್ಲ. 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಇದೆ, ಆಮೇಲೆ ಎಷ್ಟೋ ಸಂಸ್ಥೆಗಳು ಬಂದವು. ಆದರೆ ಅಲ್ಲಿ ಕೆಲಸ ಮಾಡುವವರು ಒಂದು ಕಡೆ, ಬಸವನಗುಡಿ, ಚಾಮರಾಜಪೇಟೆ, ಗಾಂಧಿಬಜಾರಿನ ಹುಡುಗರು ಇನ್ನೊಂದು ಕಡೆ. ನಡುವೆ ಒಂದು ಸಂಜೆಯ ಬೆಂಚು ಹಾಕಿದವರು ಈ ಪ್ರಿನ್ಸಿಪಾಲರು. ಜುಲೈ ತಿಂಗಳಲ್ಲಿ ದಿನಾ ಉಪನ್ಯಾಸ ಇರುವ ವಿಜ್ಞಾನ ಉತ್ಸವವೂ ಮುಂದೆ ಇದರ ಜೊತೆಗೇ ಬೆಳೆಯಿತು.

ಇನ್ನೂ ಒಂದು ಮಾತು. ವಿಜ್ಞಾನ ವಿಜ್ಞಾನ ಅಂತ ಹೇಳುತ್ತಿದ್ದ ಇವರೇ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಸಂಗೀತ, ನಾಟಕ, ನೃತ್ಯ. ವಿಶ್ವವಿದ್ಯಾಲಯಕ್ಕೆ ಹೋದಾಗಲೂ ಅಲ್ಲಿ ನೃತ್ಯ, ನಾಟಕ, ಸಂಗೀತಕ್ಕೆ ವಿಭಾಗ ಬಂತು. ಕಲೆಯ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ನಮ್ಮ ಅಭ್ಯಾಸ ಇದೆಯಲ್ಲ, ಪರೀಕ್ಷೆ ಹತ್ತಿರ ಬಂತು ಅಂತ, ಅದನ್ನು ಮಾಡುವ ಮೊದಲು ಪರಮಾಣು ಭೌತಶಾಸ್ತ್ರದ ಈ ಪ್ರಿನ್ಸಿಪಾಲರನ್ನು ಒಮ್ಮೆ ನೆನೆಸಿಕೊಳ್ಳಿ.

ಈಗ ಪ್ರಶ್ನೆಗಳ ವಿಷಯ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಅನ್ನುವುದು ಅವರು ಜೀವನಪೂರ್ತಿ ಹೇಳಿದ ಮಾತು. ಹೇಳಲು ಸುಲಭ. ಆದರೆ ಪ್ರಿನ್ಸಿಪಾಲ್ ಆಗಿ ಹೇಳುವುದು ಸುಲಭವಲ್ಲ. ಯಾಕೆ ಅಂತ ನಿಮಗೇ ಗೊತ್ತು. ಪ್ರಶ್ನೆ ಕೇಳುವುದನ್ನು ಕಲಿತ ಹುಡುಗ ಮೊದಲು ಪ್ರಶ್ನೆ ಕೇಳುವುದು ದೇವರನ್ನಲ್ಲ, ಸರ್ಕಾರವನ್ನಲ್ಲ, ಪ್ರಿನ್ಸಿಪಾಲರನ್ನು! ಲೈಬ್ರರಿ ಯಾಕೆ ಬೀಗ ಹಾಕಿದೆ, ಫೀಸು ಯಾವುದಕ್ಕೆ, ಟಾಯ್ಲೆಟ್ಟಿನಲ್ಲಿ ನೀರು ಯಾಕಿಲ್ಲ. ಶಿಸ್ತು ಅಂತ ಹೇಳಿ ನಾವು ಬಾಯಿ ಮುಚ್ಚಿಸುವುದು ಇದೇ ಕಾರಣಕ್ಕೆ. ಅಂಥ ಪ್ರಶ್ನೆಗಳಿಗೆ ಹೆದರದವರು ಮಾತ್ರ ಮಕ್ಕಳಿಗೆ ‘ಪ್ರಶ್ನೆ ಕೇಳು’ ಅಂತ ಹೇಳಬಲ್ಲರು. ತನಗೆ ಅಂತ ಏನೂ ಇಟ್ಟುಕೊಳ್ಳದೆ, ಹುಡುಗರ ಹಾಸ್ಟೆಲ್ಲಿನಲ್ಲೇ ಒಂದು ಕೋಣೆಯಲ್ಲಿ ಇದ್ದ ಮನುಷ್ಯನಿಗೆ ಆ ಹೆದರಿಕೆ ಎಲ್ಲಿಂದ ಬರಬೇಕು?

ಪವಾಡ ಸಮಿತಿಯನ್ನು ಈ ಬೆಳಕಿನಲ್ಲೇ ನೋಡಬೇಕು. 1976ರಲ್ಲಿ ವೈಸ್ ಚಾನ್ಸಲರ್ ಆಗಿದ್ದಾಗ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಪರೀಕ್ಷೆಗೆ ಒಪ್ಪಿಕೊಳ್ಳಿ ಅಂತ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಒಪ್ಪಿಗೆ ಬರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ, ಪರ ವಿರೋಧ ಎರಡೂ ಜೋರು. ಅದರ ವಿವರಕ್ಕೆ ನಾನು ಹೋಗುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಗಮನಿಸಬೇಕಾದ್ದು ಇಷ್ಟೇ. ತರಗತಿಯಲ್ಲಿ ಹುಡುಗನಿಗೆ ಹೇಳುವ ಮಾತನ್ನೇ ಅವರು ಹೊರಗೂ ಹೇಳಿದರು: ತೋರಿಸಿ, ನೋಡೋಣ. ಅದೇ 1976ರಲ್ಲಿ ಸಂವಿಧಾನಕ್ಕೆ ನಲವತ್ತೆರಡನೇ ತಿದ್ದುಪಡಿ ಆಗಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಅಂತ 51ಎ ವಿಧಿಯಲ್ಲಿ ಸೇರಿತು. ನಾವು ಅದನ್ನು ಸಮಾಜ ವಿಜ್ಞಾನದ ಪಾಠದಲ್ಲಿ ಪಟ್ಟಿ ಮಾಡಿಸಿ ಬಾಯಿಪಾಠ ಮಾಡಿಸುತ್ತೇವೆ. ಪ್ರಶ್ನೆ ಕೇಳಬೇಕು ಅನ್ನುವ ಕರ್ತವ್ಯವನ್ನು ಬಾಯಿಪಾಠ ಮಾಡಿಸುವುದು! ನನಗೆ ಇದು ನಿಜವಾಗಲೂ ನೋವಿನ ವಿಷಯ.

1977ರಲ್ಲಿ ವಿಶ್ವವಿದ್ಯಾಲಯದ ಕೆಲಸ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ನಿವೃತ್ತಿ ಅಂದುಕೊಳ್ಳುತ್ತಿದ್ದರು. ಇವರು ಮತ್ತೆ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಕೆಲಸಕ್ಕೆ ಪೂರ್ತಿಯಾಗಿ ಇಳಿದರು. ಈ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಉಳಿಯದೆ ಗೌರಿಬಿದನೂರಿಗೆ ಹೋಯಿತು, ಬಾಗೇಪಲ್ಲಿಗೆ ಹೋಯಿತು. ಅಲ್ಲಿ ಕಾಲೇಜು ಬಂತು. ಬಾಗೇಪಲ್ಲಿ ಅಂದರೆ ಆಂಧ್ರದ ಗಡಿ, ಮಳೆ ಕಡಿಮೆ, ಬೋರ್‌ವೆಲ್ಲಿನಲ್ಲೂ ನೀರು ಸಿಗುವುದು ಕಷ್ಟ ಅನ್ನುವ ಸೀಮೆ. ಅಲ್ಲಿನ ಹುಡುಗ ಹುಡುಗಿಯರು ಡಿಗ್ರಿ ಓದಬೇಕು ಅಂದರೆ ಊರು ಬಿಡಬೇಕಿತ್ತು. ಹುಡುಗರನ್ನಾದರೂ ಕಳಿಸುತ್ತಿದ್ದರು, ಹುಡುಗಿಯರನ್ನು ಎಷ್ಟು ಮನೆಯವರು ಕಳಿಸುತ್ತಾರೆ ಹೇಳಿ. ಮನೆಯಿಂದ ಹೋಗಿ ಬರುವ ದೂರದಲ್ಲಿ ಕಾಲೇಜು ಬಂದರೆ ಎಷ್ಟು ಹೆಣ್ಣುಮಕ್ಕಳ ಬದುಕು ಬದಲಾಗುತ್ತದೆ ಅಂತ ಹಳ್ಳಿ ಕಡೆ ಕೆಲಸ ಮಾಡಿದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸೂರಿನಲ್ಲೂ ಹೈಸ್ಕೂಲ್ ಆಯಿತು. ಹೈಸ್ಕೂಲ್ ಇಲ್ಲ ಅಂತ ಅವರು ಬಿಟ್ಟು ನಡೆದ ಊರು ಅದು.

2005ರ ಜನವರಿ 31ರಂದು ತೀರಿಕೊಂಡರು. 84 ವರ್ಷ. ಪದ್ಮಭೂಷಣ ಬಂದಿತ್ತು, ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, ಇನ್ನೂ ಎಷ್ಟೋ ಗೌರವಗಳು. ಅವನ್ನೆಲ್ಲ ಓದುತ್ತಾ ಹೋಗುವುದಿಲ್ಲ. ಆತ್ಮಕಥೆ ಬರೆದಿದ್ದಾರೆ, ದಯವಿಟ್ಟು ನಿಮ್ಮ ಶಾಲೆಯ ಲೈಬ್ರರಿಗೆ ತರಿಸಿ, ತರಿಸಿದ ಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಅವನ್ನೂ ಬರೆಯುತ್ತೇನೆ, ಯಾಕಂದರೆ ಪ್ರಶ್ನೆಗಳು ನನ್ನ ಮಾತಿಗಿಂತ ಚೆನ್ನಾಗಿದ್ದವು.

ಮೊದಲು ಎದ್ದವರು ಒಬ್ಬ ಯುವ ಶಿಕ್ಷಕಿ. ‘ಸಾರ್, ಅವರಿಗೆ ಸಂಸಾರ ಇರಲಿಲ್ಲ. ನನಗೆ ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದಾರೆ. ನಾನು ನಾಲ್ಕೂವರೆಗೆ ಬಸ್ ಹಿಡಿಯಲೇಬೇಕು. ಹಾಗಾದರೆ ನಾನು ಒಳ್ಳೆ ಹೆಡ್‌ಮಿಸ್ ಆಗೋಕೆ ಆಗಲ್ವಾ?’

ಈ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ಮತ್ತೊಮ್ಮೆ ಧನ್ಯವಾದ. ಎಚ್ಚೆನ್ ಅವರ ಬದುಕನ್ನು ಅಳತೆಗೋಲು ಮಾಡಿಕೊಂಡು ಯಾರನ್ನೂ ಹೊಡೆಯಬಾರದು. ಮದುವೆಯಾಗದೆ ಹಾಸ್ಟೆಲ್ಲಿನಲ್ಲಿ ಇರುವುದು ಅವರು ಆರಿಸಿಕೊಂಡ ಬದುಕು. ಎಲ್ಲ ಶಿಕ್ಷಕರಿಂದ ಅದನ್ನು ಬಯಸುವ ಸಮಾಜ ಶಿಕ್ಷಕರ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ, ಅನ್ಯಾಯ ಮಾಡುತ್ತದೆ. ಹಗಲು ಹತ್ತರಿಂದ ನಾಲ್ಕೂವರೆವರೆಗೆ ಮಕ್ಕಳ ಕೈಗೆ ಸಿಗುವ ಹೆಡ್‌ಮಿಸ್, ಇಪ್ಪತ್ತನಾಲ್ಕು ಗಂಟೆ ಅಲ್ಲೇ ಇದ್ದು ಬಾಗಿಲು ಹಾಕಿಕೊಂಡ ಪ್ರಿನ್ಸಿಪಾಲರಿಗಿಂತ ಎಷ್ಟೋ ಮೇಲು. ನೀವು ನಾಲ್ಕೂವರೆ ಬಸ್ಸನ್ನು ಧೈರ್ಯವಾಗಿ ಹಿಡಿಯಿರಿ.

ಎರಡನೆಯದು ಒಬ್ಬ ಹಿರಿಯ ಮುಖ್ಯ ಶಿಕ್ಷಕರದ್ದು. ಸ್ವಲ್ಪ ಕೋಪದಲ್ಲೇ ಕೇಳಿದರು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಸ್ಟಾಕು, ಮೊಟ್ಟೆ ಖರೀದಿ, ಎಸ್‌ಎಟಿಎಸ್‌ನಲ್ಲಿ (ಮಕ್ಕಳ ವಿವರ ಇಡುವ ಸರ್ಕಾರಿ ಆನ್‌ಲೈನ್ ದಾಖಲೆ) ಮಾಹಿತಿ ತುಂಬುವುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಚುನಾವಣೆ ಕೆಲಸ, ಸಮೀಕ್ಷೆ. ಇದರ ಜೊತೆ ಎರಡು ತರಗತಿಗೆ ಪಾಠ. ಗುಮಾಸ್ತರಿಲ್ಲ. ಮಕ್ಕಳ ಕೈಗೆ ಸಿಗೋದು ಯಾವಾಗ ಅಂತ.

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬಿಸಿಯೂಟ ಬೇಕು, ಹಾಲು ಬೇಕು, ಮೊಟ್ಟೆಯೂ ಬೇಕು. ಮಕ್ಕಳ ಹೊಟ್ಟೆ ತುಂಬಿದ್ದು ಅದರಿಂದಲೇ. ಆದರೆ ಅದರ ಲೆಕ್ಕ ಬರೆಯುವುದಕ್ಕೆ ಒಬ್ಬ ಗುಮಾಸ್ತರನ್ನು ಕೊಡದೆ, ಮುಖ್ಯ ಶಿಕ್ಷಕರ ತಲೆಗೆ ಕಟ್ಟಿ, ಆಮೇಲೆ ಫಲಿತಾಂಶ ಕಡಿಮೆ ಬಂತು ಅಂತ ನೋಟಿಸ್ ಕೊಡುವುದು ಸರಿಯಲ್ಲ. ನಾಲ್ಕೈದು ಸಣ್ಣ ಶಾಲೆಗೆ ಸೇರಿ ಒಬ್ಬರನ್ನಾದರೂ ಕೊಡಿ ಅಂತ ನಾವು ಗಟ್ಟಿಯಾಗಿ ಕೇಳಬೇಕು. ಎಚ್ಚೆನ್ ಅವರಿಗೆ ಕಾಲೇಜು ಆಫೀಸಿತ್ತು, ಸಿಬ್ಬಂದಿ ಇದ್ದರು. ಅದನ್ನು ಮರೆತು ಅವರನ್ನು ಹೊಗಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಅಲ್ಲಿಯವರೆಗೆ ಏನು ಮಾಡುವುದು? ನನಗೆ ತೋಚಿದ್ದು ಹೇಳಿದೆ. ರಿಜಿಸ್ಟರ್ ಬರೆಯಲೇಬೇಕು ಅಂದರೆ ಊಟದ ಬಿಡುವಿನಲ್ಲಿ ಮೇಜನ್ನು ವರಾಂಡಾಕ್ಕೆ ಹಾಕಿಕೊಂಡು ಬರೆಯಿರಿ. ತಪ್ಪು ಕೂಡಿಸಿದರೂ ಪರವಾಗಿಲ್ಲ, ಮತ್ತೆ ಕೂಡಿಸಬಹುದು. ಮೊದಲ ಎರಡು ದಿನ ಮಕ್ಕಳು ಸುತ್ತುಹಾಕಿಕೊಂಡು ದೂರದಿಂದ ಹೋಗುತ್ತಾರೆ. ಆಮೇಲೆ ಹತ್ತಿರ ಬಂದು ಏನು ಬರೀತಿದ್ದೀರ ಅಂತ ಇಣುಕುತ್ತಾರೆ. ಆಮೇಲೆ ಬೇರೆ ಮಾತು ಬರುತ್ತದೆ.

ಕೊನೆಗೆ ಒಬ್ಬರು ಕೇಳಿದರು, ಸೈನ್ಸ್ ಫೋರಂ ಥರದ್ದು ಹಳ್ಳಿ ಶಾಲೆಯಲ್ಲಿ ಆಗುತ್ತಾ, ನಮಗೆ ವಿಜ್ಞಾನಿಗಳು ಎಲ್ಲಿ ಸಿಗುತ್ತಾರೆ ಅಂತ.

ನಿಮ್ಮೂರಿನ ಲೈನ್‌ಮನ್ ಇದ್ದಾರೆ. ಟ್ರಾನ್ಸ್‌ಫಾರ್ಮರ್ ಯಾಕೆ ಸುಡುತ್ತದೆ ಅಂತ ಅವರಿಗೆ ಗೊತ್ತು. ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರಿದ್ದಾರೆ, ನೀರು ಎಷ್ಟು ಆಳಕ್ಕೆ ಹೋಗಿದೆ ಅಂತ ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಪಶು ವೈದ್ಯರಿದ್ದಾರೆ, ಆಸ್ಪತ್ರೆ ಸಿಸ್ಟರ್ ಇದ್ದಾರೆ, ರೇಷ್ಮೆ ಬೆಳೆಯುವವರಿದ್ದಾರೆ. ವಾರಕ್ಕೊಬ್ಬರು, ಬುಧವಾರ ಕೊನೆಯ ಪಿರಿಯಡ್, ಅರ್ಧ ಗಂಟೆ. ಹಾರ ಬೇಡ, ಸ್ವಾಗತ ಭಾಷಣ ಬೇಡ, ಫೋಟೋ ಬೇಡ. ಬಂದವರು ಹತ್ತು ನಿಮಿಷ ಮಾತಾಡಲಿ, ಉಳಿದದ್ದು ಮಕ್ಕಳ ಪ್ರಶ್ನೆಗೆ. ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು, ಇದು ಕಷ್ಟ, ಆದರೂ ಕೂರಬೇಕು. ಮೊದಲ ವಾರ ಯಾರೂ ಏನೂ ಕೇಳುವುದಿಲ್ಲ. ನೀವು ಮಧ್ಯೆ ಬಾಯಿ ಹಾಕಿ ‘ಕೇಳ್ರೋ’ ಅನ್ನಬೇಡಿ, ಸುಮ್ನೆ ಕಾಯಿರಿ. ಎರಡನೇ ವಾರ ಯಾರೋ ಒಬ್ಬಳು ಕೇಳುತ್ತಾಳೆ. ನಾಲ್ಕನೇ ವಾರಕ್ಕೆ ಯಾರನ್ನು ಕರೆಯಬೇಕು ಅಂತ ಮಕ್ಕಳನ್ನೇ ಕೇಳಿ, ಅವರೇ ಹೋಗಿ ಕರೆದುಕೊಂಡು ಬರಲಿ.